ಮುಳ್ಳು ಅಲುಗದ ದಿನ

ನಮ್ಮೂರಿನಲ್ಲಿ ತೊಟ್ಟಿಲು ಕಟ್ಟುವುದಿಲ್ಲ. ಕೂಸನ್ನು ನೆಲದ ಮೇಲೆ ಕೌದಿ ಹಾಸಿ ಮಲಗಿಸುತ್ತೇವೆ. ತೋರಣವನ್ನು ಬಾಗಿಲಿನ ಎರಡೂ ಪಕ್ಕಕ್ಕೆ ಇಳಿಬಿಡುತ್ತೇವೆಯೇ ಹೊರತು ಮೇಲೆ ಅಡ್ಡ ಕಟ್ಟುವುದಿಲ್ಲ. ದೀಪಗಳೆಲ್ಲ ಗೋಡೆಗೆ. ಅಡುಗೆಮನೆಯ ಜಂತಿಗೆ ಬೆಳ್ಳುಳ್ಳಿಯ ಗೊಂಚಲನ್ನು ಸಹ ಯಾರೂ ನೇತುಹಾಕುವುದಿಲ್ಲ. ಒಂದು ಗೊಂಚಲು ಬೆಳ್ಳುಳ್ಳಿ ಕೆಳಗೆ ನಿಂತವರ ತೂಕದಲ್ಲಿ ಎಷ್ಟು ತೆಗೆದುಕೊಂಡೀತು, ಸಾಸಿವೆ ಕಾಳಿನಷ್ಟು. ಆದರೂ ರೂಢಿ ರೂಢಿಯೇ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಆಮೇಲೆ ಸಂತೆಯಲ್ಲಿ ಯಾರಾದರೂ ಹಗುರಾದವರು ಎದುರಾಗುತ್ತಾರೆ. ಕಿಸೆ ತುಂಬ ಕಬ್ಬಿಣದ ತುಂಡು ತುಂಬಿಕೊಂಡು, ಗೋಡೆ ಹಿಡಿದು, ಗಾಳಿ ಬಂದಾಗ ನಿಂತು, ಗಾಳಿ ಹೋದ ಮೇಲೆ ಹೆಜ್ಜೆ ಇಡುವವರು. ಅವತ್ತಿನಿಂದ ಸೊಸೆಯಂದಿರೂ ತೋರಣವನ್ನು ಪಕ್ಕಕ್ಕೇ ಕಟ್ಟುತ್ತಾರೆ.

ಊರಿಗೆಲ್ಲ ಅನ್ನ ಹಾಕುವುದು ಎರಕದ ಕಾರ್ಖಾನೆ. ಗಿರಣಿಗಳಿಗೆ ಬೇಕಾದ ದೊಡ್ಡ ದೊಡ್ಡ ಚಕ್ರಗಳನ್ನು ಅಲ್ಲಿ ಎರಕ ಹೊಯ್ಯುತ್ತಾರೆ. ನಾನು ಅಲ್ಲಿ ಕ್ರೇನ್ ನಡೆಸುತ್ತೇನೆ. ಶೆಡ್ಡಿನ ಸೂರಿನ ಕೆಳಗೆ, ಎರಡು ಹಳಿಗಳ ಮೇಲೆ ಓಡಾಡುವ ಕ್ರೇನಿನ ಪಕ್ಕಕ್ಕೆ ಒಂದು ಸಣ್ಣ ಕ್ಯಾಬಿನ್. ಬೆಳಿಗ್ಗೆ ಏಣಿ ಹತ್ತಿ ಅದರಲ್ಲಿ ಕೂತೆನೆಂದರೆ ಊಟದ ಗಂಟೆಗೇ ಇಳಿಯುವುದು. ನನ್ನ ಮುಂದೆ ಭಾರ ತೋರಿಸುವ ಗಡಿಯಾರದಂಥ ತಟ್ಟೆ ಇದೆ. ಅದರಲ್ಲಿ ಒಂದೇ ಮುಳ್ಳು. ಕೊಕ್ಕೆಗೆ ನೇತುಬಿದ್ದ ಭಾರದ ಕೆಳಗೆ ಮನುಷ್ಯ ಬಂದರೆ ಅವನ ತೂಕದಲ್ಲಿ ಅಷ್ಟೋ ಇಷ್ಟೋ ಭಾರಕ್ಕೆ ಸೇರುತ್ತದೆ, ಮುಳ್ಳು ತಟ್ಟನೆ ಮೇಲೇರುತ್ತದೆ. ಸೇರಿದ್ದು ಭಾರದ ಜೊತೆ ಲಾರಿ ಹತ್ತಿ ಹೋಗಿಬಿಡುತ್ತದೆ. ಅದೇ ದಿನ, ಅದೇ ಭಾರವನ್ನು, ಹೋದ ದಾರಿಯಲ್ಲೇ ಹಿಂದಕ್ಕೆ ಒಯ್ದರೆ ಕೊಟ್ಟುಬಿಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ಮಾಡಿ ನೋಡಿದವರನ್ನು ನಾನು ಕಂಡಿರಲಿಲ್ಲ. ಒಮ್ಮೆ ತಲೆಯ ಮೇಲೆ ಹಾದುಹೋದದ್ದನ್ನು ಇನ್ನೊಮ್ಮೆ ತರಿಸಿಕೊಳ್ಳಲು ಯಾರಿಗೆ ಗುಂಡಿಗೆ ಇದೆ? ಮಾತು ಸುಳ್ಳಾದರೆ ಉಳಿದದ್ದೂ ಹೋಗುತ್ತದೆ.

ನನ್ನ ಅವ್ವ ಫಕೀರವ್ವ ಇದೇ ಶೆಡ್ಡಿನಲ್ಲಿ ಮರಳು ಜರಡಿ ಹಿಡಿಯುತ್ತಿದ್ದಳು. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಚಕ್ರ ಅವಳ ತಲೆಯ ಮೇಲೆ ಹಾದುಹೋಯಿತು. ಯಾರೂ ಗಮನಿಸಲಿಲ್ಲ, ಸಂಜೆಗೆ ಲಾರಿ ಹೊರಟುಹೋಯಿತು. ಆಮೇಲೆ ಅವ್ವ ಸೀರೆಯ ಅಂಚಿನೊಳಗೆ ಕಬ್ಬಿಣದ ನಟ್ಟುಗಳನ್ನು ಹೊಲಿದುಕೊಂಡು ಓಡಾಡಿದಳು. ಗಾಳಿ ಬೀಸಿದರೆ ಸಾಕು, ಅವಳ ಕೈ ತಾನಾಗಿ ಅಂಚಿಗೆ ಹೋಗುತ್ತಿತ್ತು. ಹೊಲಿಗೆ ಗಟ್ಟಿ ಇದೆಯೇ ಎಂದು ಬೆರಳಿನಿಂದ ಒಂದೊಂದೇ ನಟ್ಟನ್ನು ಮುಟ್ಟಿ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಎಡಪಾದ ಹೊರಕ್ಕೆ ತಿರುಗಿತ್ತು. ಅವಳು ನಡೆದ ಜಾಗ ಮರಳಿನಲ್ಲಿ ದೂರದಿಂದಲೇ ಗೊತ್ತಾಗುತ್ತಿತ್ತು. ಒಂದು ಆಷಾಢದ ಮಧ್ಯಾಹ್ನ ಒಣಹಾಕಿದ ಹಪ್ಪಳ ತರುತ್ತೇನೆಂದು ಮಾಳಿಗೆ ಹತ್ತಿದಳು. ಬಹಳ ಹೊತ್ತಾದರೂ ಇಳಿಯಲಿಲ್ಲವೆಂದು ಹೋಗಿ ನೋಡಿದರೆ, ಮಾಳಿಗೆಯ ಅಂಚಿನವರೆಗೆ ಸಾಲಾಗಿ ನಟ್ಟುಗಳು ಬಿದ್ದಿದ್ದವು. ಹಪ್ಪಳ ಹಾಗೇ ಇದ್ದವು. ನಾನು ಕ್ರೇನ್ ಕಲಿತದ್ದು ಆ ಕಾರಣಕ್ಕೇ. ನನ್ನ ತಲೆಯ ಮೇಲೆ ಏನೂ ಇರಬಾರದು, ನನ್ನ ಕೈಯಿಂದ ಯಾರ ತಲೆಯ ಮೇಲೂ ಏನೂ ಹೋಗಬಾರದು.

ಕೆಳಗೆ ನಿಂತು ನನಗೆ ಸನ್ನೆ ಕೊಡುವವನು ನನ್ನ ಗಂಡ ಮೌನೇಶ. ಸೋದರತ್ತೆಯ ಮಗ, ಚಿಕ್ಕಂದಿನಿಂದ ಏಕವಚನವೇ. ಮನೆಯಲ್ಲಿ ನಾನು ಅವನ ಮಾತು ಕೇಳಿದ್ದು ಅಷ್ಟಕ್ಕಷ್ಟೇ. ಕಾರ್ಖಾನೆಯಲ್ಲಿ ಮಾತ್ರ ಅವನ ಬೆರಳು ಅಲುಗದೆ ಒಂದು ಗೇಣು ಕಬ್ಬಿಣ ಎತ್ತಿದವಳಲ್ಲ. ಅವನ ಬಲಗೈಗೆ ಕೆಂಪು ಕೈಗವಸು. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿ ಬಡಿದರೆ ಇಳಿಸು, ಮುಷ್ಟಿ ಕಟ್ಟಿದರೆ ನಿಲ್ಲು. ಭಾರಕ್ಕೆ ಹಗ್ಗ ಕಟ್ಟುವವರು ಹುಸೇನಸಾಬರು, ಅವ್ವನ ಕಾಲದಿಂದ ಇದ್ದವರು, ನಮಗೆಲ್ಲ ಹುಸೇನ ಕಾಕಾ. ಉಕ್ಕಿನ ಹಗ್ಗದ ಮೇಲೆ ಹಳೆಯ ಅರಿವೆಯ ತುಂಡನ್ನು ಉದ್ದಕ್ಕೂ ಸವರಿ, ಎಲ್ಲಾದರೂ ಅರಿವೆ ಸಿಕ್ಕಿಕೊಂಡರೆ ಒಳಗೆ ಎಳೆ ಹರಿದಿದೆ ಎಂದು ಆ ಹಗ್ಗವನ್ನು ಮೂಲೆಗೆ ಎಸೆಯುವವರು. ಕಟ್ಟಿದ ಮೇಲೆ ಭಾರವನ್ನು ಒಂದು ಗೇಣು ಎತ್ತಿ ನಿಲ್ಲಿಸಬೇಕು. ಗಂಟೆ ಬಾರಿಸಬೇಕು. ಎಲ್ಲರೂ ದೂರ ಸರಿದ ಮೇಲೆ ಮುಂದಕ್ಕೆ.

ಬರಬರುತ್ತ ಈ ಶಿಸ್ತು ಸಡಿಲಾಯಿತು. ಮುಳ್ಳು ಇದೆಯಲ್ಲ, ಅದಕ್ಕಿಂತ ಬೇರೆ ಕಾವಲು ಬೇಕೆ ಎಂದು ಎಲ್ಲರಿಗೂ ಅನ್ನಿಸಿತು. ಮುಳ್ಳು ಅಲುಗಲಿಲ್ಲವೆಂದರೆ ಕೆಳಗೆ ಯಾರೂ ಇಲ್ಲ ಎಂದೇ ಲೆಕ್ಕ. ಪಕ್ಕದ ಶೆಡ್ಡಿನಲ್ಲಿ ಸನ್ನೆಯವನನ್ನೇ ತೆಗೆದುಹಾಕಿದರು, ಅಲ್ಲಿಯ ಆಪರೇಟರ್ ಮುಳ್ಳು ನೋಡಿಕೊಂಡು ಸಲೀಸಾಗಿ ನಡೆಸುತ್ತಿದ್ದ. ನಮ್ಮ ಸೂಪರ್‌ವೈಸರ್ ದೇಸಾಯರು ಕೆಟ್ಟವರಲ್ಲ, ಅವಸರದ ಮನುಷ್ಯ. ಅವರೂ ಒಮ್ಮೆ ಕೇಳಿದರು, "ಮೌನೇಶನ್ನ ಭಟ್ಟಿ ಕಡೆ ಹಾಕಲೇನ್ರಿ ಕಸ್ತೂರೆವ್ವ? ನಿಮ್ಮ ಮುಳ್ಳು ಸಾಕಲ್ಲ?"

"ಮುಳ್ಳಿಗೆ ಕಣ್ಣಿಲ್ರೀ," ಎಂದೆ. "ನನ್ನ ಗಂಡನ ಕೈ ಇಲ್ದಿದ್ರ ನಾ ಕೆಳಗ ಇಳಿದು ಬರ್ತೀನಿ, ನೀವs ಹತ್ತರಿ."

ಅವರು ನಕ್ಕು ಭಟ್ಟಿ ಕಡೆ ನಡೆದರು.

ಆ ವರ್ಷ ದೂರದ ಹಳೆಯ ಗಿರಣಿಯೊಂದು ಮುಚ್ಚಿಹೋಯಿತು. ಅದರ ಚಕ್ರಗಳು ಗುಜರಿಯಾಗಿ ನಮ್ಮಲ್ಲಿಗೇ ಬಂದವು. ತುಕ್ಕು ಕೆರೆದು ನೋಡಿದರೆ ನಮ್ಮ ಕಾರ್ಖಾನೆಯದೇ ಮುದ್ರೆ. ಒಡೆದು, ಭಟ್ಟಿಗೆ ಹಾಕಿ, ಕರಗಿಸಿ, ಹೊಸ ಚಕ್ರ ಹೊಯ್ದರು. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ, ಗುಜರಿ ಬರುವುದು ಹೋಗುವುದು ಇದ್ದದ್ದೇ.

ನನ್ನ ಚಿಂತೆ ಬೇರೆ ಇತ್ತು. ಶೆಡ್ಡಿನ ನೆಲದ ತುಂಬ ಕರಿ ಮರಳು. ಮೇಲಿನಿಂದ ನೋಡುವವಳಿಗೆ ಎಲ್ಲರ ಹೆಜ್ಜೆಯೂ ಕಾಣುತ್ತದೆ. ಹುಸೇನ ಕಾಕಾರದು ಕಾಲೆಳೆದ ಗೆರೆ, ದೇಸಾಯರದು ಬೂಟಿನ ಚೌಕ. ಮೌನೇಶನ ಹೆಜ್ಜೆ ಮಾತ್ರ ವಾರದಿಂದ ವಾರಕ್ಕೆ ಮಸುಕಾಗುತ್ತ ಬಂದಿತ್ತು. ಮೊದಲು ನನ್ನ ಕಣ್ಣಿಗೇ ಬೈದುಕೊಂಡೆ. ಒಂದು ದಿನ ಅವನು ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದುಹೋದ. ಅವನು ಹೋದ ದಾರಿಯಲ್ಲಿ ಕೋಳಿ ಓಡಾಡಿದಷ್ಟೂ ಗುರುತು ಇರಲಿಲ್ಲ.

ಮನೆಗೆ ಬಂದಾಗ ಅವನು ಹೊರಸಿನ ಮೇಲೆ ಕೂತ. ಹೊರಸು ಹಳೆಯದು, ಬೆಕ್ಕು ಹತ್ತಿದರೂ ಕಿರುಗುಡುವಂಥದ್ದು. ಅದು ತುಟಿ ಬಿಚ್ಚಲಿಲ್ಲ.

"ನೀ ಏನರ ಮುಚ್ಚಿ ಇಟ್ಟೀಯೇನು?" ಎಂದು ಕೇಳಿದೆ.

"ಏನ್ ಮುಚ್ಚಿಡೂದೈತಿ? ರೊಟ್ಟಿ ಹಾಕು, ಹಸಿವ್ಯಾಗೈತಿ."

"ನಿನ್ನ ಹೆಜ್ಜಿ ಕಾಣವೊಲ್ದು."

"ಮ್ಯಾಲಿಂದ ನೋಡಿದ್ರ ಎಲ್ಲಾ ಸಣ್ಣದs ಕಾಣತೈತಿ," ಎಂದು ನಕ್ಕ. ನಾನು ಜಗಳ ತೆಗೆದೆ, ಅವನು ಜಗಳಕ್ಕೆ ಸಿಗಲಿಲ್ಲ. ಅವನ ಗುಣವೇ ಅಂಥದ್ದು, ಕೈಯಿಂದ ಎಷ್ಟು ಬೇಕಾದರೂ ಮಾತಾಡುತ್ತಾನೆ, ಬಾಯಿ ಮಾತ್ರ ಹೊಲಿದ ಚೀಲ.

ಮರುದಿನ ಆ ಹೊಸ ಚಕ್ರವನ್ನು ಉಕ್ಕಿನ ಕಟ್ಟೆಯ ಮೇಲೆ ಇಳಿಸಬೇಕಿತ್ತು. ಹೊರಗೆ ಲಾರಿ ಕಾಯುತ್ತಿತ್ತು. ಹುಸೇನ ಕಾಕಾ ಹಗ್ಗ ಸವರಿ ಕಟ್ಟಿದರು. ಕೊಕ್ಕೆಯ ಬಾಯಿಗೆ ಚಿಲಕ ಬಿತ್ತು. ಒಂದು ಗೇಣು ಎತ್ತಿ ನಿಲ್ಲಿಸಿದೆ, ಗಂಟೆ ಬಾರಿಸಿದೆ, ಕೆಂಪು ಕೈಗವಸು ಮುಂದಕ್ಕೆ ಎಂದಿತು. ಚಕ್ರ ಕಟ್ಟೆಯ ಹತ್ತಿರ ಬರುವ ಹೊತ್ತಿಗೆ ಪಕ್ಕದ ಶೆಡ್ಡಿನಲ್ಲಿ ಯಾರೋ ಕಾದ ಮರಳಿಗೆ ನೀರು ಬಿಟ್ಟರು. ಬುಸ್ಸೆಂದು ಎದ್ದ ಉಗಿ ಗೋಡೆಯ ಸಂದಿಯಿಂದ ನಮ್ಮ ಕಡೆಗೆ ನುಗ್ಗಿ ನೆಲವನ್ನೆಲ್ಲ ಮುಚ್ಚಿಬಿಟ್ಟಿತು. ಚಕ್ರದ ಮೇಲ್ಭಾಗ ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ನಿಲ್ಲಿಸಿದೆ. ಸನ್ನೆ ಕಾಣದಿದ್ದರೆ ನಿಲ್ಲಬೇಕು, ಅದು ಹಳೆಯ ಶಿಸ್ತು.

ಉಗಿಯ ಆಚೆಯಿಂದ ದೇಸಾಯರ ದನಿ ಬಂತು. "ಯಾಕ ನಿಂತ್ರಿ? ಮುಳ್ಳು ಏನಂತೈತಿ?"

"ಅಲುಗಿಲ್ರೀ!"

"ಮತ್ತ ಇನ್ನೇನ್ ಬೇಕು? ಇಳಸ್ರೀ, ಲಾರಿ ನಿಂತೈತಿ!"

ಅಷ್ಟರಲ್ಲಿ ಉಗಿಯೊಳಗಿಂದ ಕೆಂಪು ಕೈಗವಸು ಹೊರಬಂತು. ಅಂಗೈ ಕೆಳಗೆ, ಬೆರಳುಗಳು ಬಡಿಯುತ್ತಿದ್ದವು. ಇಳಿಸು. ಮುಳ್ಳು ಯಾರೂ ಇಲ್ಲ ಎನ್ನುತ್ತಿತ್ತು, ಗಂಡನ ಕೈ ಇಳಿಸು ಎನ್ನುತ್ತಿತ್ತು, ದೇಸಾಯರು ಇಳಿಸು ಎನ್ನುತ್ತಿದ್ದರು. ನನ್ನ ಕೈ ಹಿಡಿಕೆಯ ಮೇಲೆ ಹೋಯಿತು. ಆಗ ಆ ಕೈಯನ್ನು ಇನ್ನೊಮ್ಮೆ ನೋಡಿದೆ. ಅದು ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ಚಕ್ರದ ಅಂಚಿಗೆ ಸರಿಸಮನಾಗಿ ಇತ್ತು. ನೆಲದ ಮೇಲೆ ನಿಂತ ಯಾವ ಮನುಷ್ಯನ ಕೈಯೂ ಅಷ್ಟು ಮೇಲೆ ಬರಲಾರದು.

ಹಿಡಿಕೆ ಬಿಟ್ಟೆ. ಕ್ರೇನಿನ ಕೆಂಪು ಗುಂಡಿ ಒತ್ತಿ, ಕಿರುಚಿದೆ, "ಯಾರೂ ಅಲುಗಬ್ಯಾಡ್ರಿ! ಚಕ್ರದ ಕೆಳಗ ಯಾರೂ ಹೋಗಬ್ಯಾಡ್ರಿ!"

ಉಗಿ ನಿಧಾನವಾಗಿ ಕರಗಿತು. ಮೌನೇಶ ಚಕ್ರದ ತಳಕ್ಕೆ ಬೆನ್ನು ಹತ್ತಿಸಿಕೊಂಡು ಗಾಳಿಯಲ್ಲಿ ತೇಲುತ್ತಿದ್ದ, ತುಂಬಿದ ಕೊಡದಲ್ಲಿ ಬೆಂಡು ಮುಚ್ಚಳಕ್ಕೆ ಹತ್ತಿ ನಿಂತ ಹಾಗೆ. ಒಂದು ಕೈ ಹೊರಗೆ ಚಾಚಿ ಇನ್ನೂ ಬೆರಳು ಬಡಿಯುತ್ತಲೇ ಇದ್ದ. ಉಗಿಯಲ್ಲಿ ತೇಲಿ ಕಟ್ಟೆ ದಾಟಿದ್ದೇನೆ, ಕೆಳಗೆ ಬರೀ ಮರಳು ಇದೆ, ಇಳಿಸಿದರೆ ಕಾಲು ನೆಲಕ್ಕೆ ಮುಟ್ಟುತ್ತದೆ ಎಂದುಕೊಂಡಿದ್ದನಂತೆ. ಅವನ ನೇರ ಕೆಳಗೆ ಉಕ್ಕಿನ ಕಟ್ಟೆ ಇತ್ತು. ಕಟ್ಟೆಯ ಮೇಲೆ ತೇಲಿಹೋಗದಂತೆ ಅವನು ಸೊಂಟಕ್ಕೆ ಕಟ್ಟಿಕೊಂಡಿದ್ದ ಬೋಲ್ಟುಗಳು ಜಾರಿ ಚೆಲ್ಲಾಡಿ ಬಿದ್ದಿದ್ದವು. ಕಟ್ಟೆಯ ಮೇಲಿನ ಮರದ ದಿಮ್ಮಿ ಸರಿದಿತ್ತೆಂದು ಸರಿಮಾಡಲು ಬಗ್ಗಿದಾಗ ಬಿದ್ದಿರಬೇಕು. ನನಗೆ ಮಾಳಿಗೆಯ ಮೇಲಿನ ನಟ್ಟುಗಳು ಕಣ್ಣಿಗೆ ಕಟ್ಟಿದವು. ಮುಳ್ಳು ಯಾಕೆ ಅಲುಗಲಿಲ್ಲವೆಂದು ಆಗ ಗೊತ್ತಾಯಿತು. ಮುಳ್ಳು ಕಣ್ಣಿಗೆ ಕಾಣುವಂತೆ ಅಲುಗುವಷ್ಟು ತೂಕವೂ ಅವನಲ್ಲಿ ಉಳಿದಿರಲಿಲ್ಲ.

ಹುಸೇನ ಕಾಕಾ ದೂರದಲ್ಲೇ ನಿಂತು ಹಗ್ಗ ಎಸೆದರು. ಮೌನೇಶ ಹಿಡಿದು ಸೊಂಟಕ್ಕೆ ಸುತ್ತಿಕೊಂಡ. ನಾನು ಚಕ್ರವನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಸರಿಸಿದೆ. ಅವನು ಅಂಚಿನಿಂದ ಹೊರಗೆ ಬಂದೊಡನೆ ಮೇಲಕ್ಕೆ ಎದ್ದ. ನಾಲ್ಕು ಜನ ಜೋತುಬಿದ್ದು ಕೆಳಗೆ ಎಳೆದರು. ಚಕ್ರವನ್ನು ಮರಳಿನ ಮೇಲೆ ಇಳಿಸಿಯೇ ನಾನು ಏಣಿ ಇಳಿದೆ.

"ಯಾವಾಗಿಂದ?" ಎಂದೆ.

ಅವನು ಕಂಬ ತಬ್ಬಿಕೊಂಡು ನಿಂತಿದ್ದ, ನೆಲ ಅವನ ಕಾಲಿಗೆ ಮುಟ್ಟಿಯೂ ಮುಟ್ಟದಂತಿತ್ತು. "ದೀಪಾವಳಿ ಆದ ಮ್ಯಾಲಿಂದ. ಮೊಣಕಾಲ ನೋವು ತಾಳಲಿಕ್ಕಾಗಲಿಲ್ಲ ಕಸ್ತೂರಿ. ಇಡೀ ದಿನ ನಿಂದ್ರಬೇಕಲ್ಲ. ನೀ ಭಾರ ಎತ್ತೂ ಹೊತ್ತಿನ್ಯಾಗ ಮುಳ್ಳು ಹ್ಯಾಂಗೂ ಕುಣೀತೈತಿ. ಆಗ ಒಂದೀಟು ಹೆಗಲು ಕೆಳಗ ಕೊಡ್ತಿದ್ದೆ. ಒಂದೀಟು ಹಗುರಾಗ್ತಿದ್ದೆ. ನೋವು ಹೋಗ್ತಿತ್ತು."

"ನನಗೊಂದು ಮಾತು ಹೇಳಾಕ ಏನಾಗಿತ್ತು ನಿನಗ? ಕುಂದ್ರೂ ಕೆಲಸ ಕೇಳಿ ಕೊಡಸ್ತಿದ್ದೆ!"

"ಅದಕ್ಕs ಹೇಳಲಿಲ್ಲ," ಎಂದ. "ಕುಂದ್ರೂ ಕೆಲಸ ಅಂದ್ರ ಬ್ಯಾರೆ ಶೆಡ್ಡು. ಇಲ್ಲಿ ಇಡೀ ದಿನ ನೀ ನನ್ನ ಕೈ ನೋಡ್ತೀ. ಮನ್ಯಾಗ ಎಲ್ಲಿ ನೋಡ್ತೀ?"

ಎಷ್ಟು ಸಿಟ್ಟು ಬಂತೆಂದರೆ ಹೊಡೆಯಬೇಕೆನ್ನಿಸಿತು. ಹೊಡೆದರೆ ಹಾರಿಹೋಗುತ್ತಾನೆಂದು ಸುಮ್ಮನೆ ನಿಂತು ಅತ್ತೆ.

ಹುಸೇನ ಕಾಕಾ ನನ್ನ ಹತ್ತಿರ ಬಂದರು. "ತಂಗೀ, ಆಷಾಢ ದೂರಿಲ್ಲ. ಬೋಲ್ಟು ಕಟಗೊಂಡು ಎಷ್ಟ ದಿನ? ಚಕ್ರ ಇನ್ನೂ ಇಲ್ಲೇ ಐತಿ. ಹೋದ ದಾರಿಲೇ ವಾಪಸ್ ತಂದು ನೋಡು."

"ಅದು ಖರೇ ಅಲ್ಲಂದ್ರ, ಕಾಕಾ?"

ಖರೇ ಅಲ್ಲದಿದ್ದರೆ ಉಳಿದ ಉಸಿರಿನಷ್ಟನ್ನೂ ಚಕ್ರ ತೆಗೆದುಕೊಳ್ಳುತ್ತದೆ, ಆಮೇಲೆ ಯಾವ ಹಗ್ಗವೂ ಅವನನ್ನು ಹಿಡಿಯುವುದಿಲ್ಲ. ಖರೇ ಆಗಿ ಕೊಟ್ಟರೂ ಇವತ್ತು ತೆಗೆದುಕೊಂಡ ಚೂರನ್ನು ಮಾತ್ರ ಕೊಡುತ್ತದೆ, ಅದು ಎಷ್ಟು ಮಹಾ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಾಲು ನೆಲಕ್ಕೆ ಊರುವಷ್ಟಾದರೂ ಸಿಕ್ಕರೆ ಸಾಕು ಎನ್ನಿಸಿತು. ದೇಸಾಯರು ಬೆವರೊರೆಸಿಕೊಂಡು, "ಲಾರಿ ನಾ ನಿಲ್ಲಸ್ತೀನಿ. ನೀವು ಹೂಂ ಅನ್ರಿ ಸಾಕು," ಎಂದರು. ನಾನು ಮೌನೇಶನ ಮುಖ ನೋಡಿದೆ. ಅವನು ಕೆಂಪು ಕೈಗವಸನ್ನು ಮತ್ತೆ ಬಿಗಿಯಾಗಿ ಎಳೆದುಕೊಂಡ.

ಅವನನ್ನು ಮರಳಿನ ಮೇಲೆ ಅಂಗಾತ ಮಲಗಿಸಿ, ಸೊಂಟದ ಹಗ್ಗವನ್ನು ಎರಡು ಗೂಟಕ್ಕೆ ಕಟ್ಟಿದರು. ಬಲಗೈ ಮಾತ್ರ ಬಿಟ್ಟರು. ಸನ್ನೆ ತಾವು ಕೊಡುತ್ತೇವೆಂದು ಕಾಕಾ ಅಂದರೆ ಅವನು ಒಪ್ಪಲಿಲ್ಲ, "ನನ್ನ ಕೈ ನೋಡಿ ನಡಸೂದು ಆಕಿಗಿ ರೂಢಿ," ಎಂದ. ಕಾಕಾ ಹಗ್ಗವನ್ನು ತುದಿಯಿಂದ ತುದಿಗೆ ಮತ್ತೆ ಸವರಿದರು. ಕೊಕ್ಕೆಯ ಚಿಲಕ ಎಳೆದು ನೋಡಿದರು. ನಾನು ಮೇಲೆ ಹತ್ತಿದೆ. ಗಂಟೆ ಬಾರಿಸಿದೆ. ಶೆಡ್ಡಿನ ಜನವೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತರು.

ಚಕ್ರ ಒಂದು ಗೇಣು ಎದ್ದಿತು. ತಡೆದು ನೋಡಿದೆ. ಕೆಳಗೆ ಕೆಂಪು ಬೆರಳು ತಿರುಗಿತು, ಎತ್ತಿದೆ. ಕೈ ಬಾಗಿತು, ಹಿಂದಕ್ಕೆ ತಂದೆ. ಟನ್ನುಗಟ್ಟಲೆ ಕಬ್ಬಿಣ ನನ್ನ ಗಂಡನ ಕಾಲಿನ ಮೇಲೆ, ಹೊಟ್ಟೆಯ ಮೇಲೆ ಬಂತು. ನನ್ನ ಜೀವನದಲ್ಲಿ ಮಾಡಬಾರದೆಂದು ಪಣ ತೊಟ್ಟದ್ದು ಅದೊಂದೇ. ಅದನ್ನೇ ಮಾಡುತ್ತಿದ್ದೆ. ಚಕ್ರದ ನೆರಳಿನಲ್ಲಿ ಅವನ ಮುಖ ಮುಚ್ಚಿಹೋಯಿತು. ಕೈ ಮಾತ್ರ ಹೊರಗಿತ್ತು, ಬರಲಿ, ಬರಲಿ ಎನ್ನುತ್ತಿತ್ತು. ಮುಳ್ಳು ನಡುಗಿತು. ಮೇಲೇರುವುದೋ ಇಳಿಯುವುದೋ ಎಂದು ನೋಡಿದೆ. ಕೂದಲೆಳೆಯಷ್ಟು ಕೆಳಗಿಳಿಯಿತು. ಕೊಟ್ಟಿತು! ಇವತ್ತಿನ ಚೂರನ್ನು ಕೊಟ್ಟಿತು ಎಂದುಕೊಂಡೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಇಳಿಯಿತು. ಇಳಿಯುತ್ತಲೇ ಹೋಯಿತು. ಒಬ್ಬ ಸಣಕಲು ಹೆಂಗಸಿನ ತೂಕದಷ್ಟು ಇಳಿದು, ಆಮೇಲೆ ಸ್ಥಿರವಾಗಿ ನಿಂತಿತು. ಚಕ್ರ ಅವನನ್ನು ದಾಟಿ ಆಚೆ ಬಂದಿತ್ತು. ಕೆಳಗೆ ಮುಷ್ಟಿ ಕಟ್ಟಿದ ಕೈ ಕಂಡಿತು.

ಚಕ್ರ ನೆಲಕ್ಕೆ ಕೂತ ಮೇಲೆ ಗೂಟದ ಹಗ್ಗ ಬಿಚ್ಚಿದರು. ಅವನು ತೇಲಲಿಲ್ಲ. ಎದ್ದು ಕೂತ, ನಿಂತ. ಜನ ಕೇಕೆ ಹಾಕಿದರು, ದೇಸಾಯರು ಚಪ್ಪಾಳೆ ತಟ್ಟಿದರು. ನಾನು ಅರ್ಧ ಏಣಿಯಲ್ಲೇ ನಿಂತುಬಿಟ್ಟೆ. ಮೌನೇಶ ನನ್ನ ಕಡೆಗೆ ನಡೆದು ಬರುತ್ತಿದ್ದ. ಅವನ ಹಿಂದೆ ಮರಳಿನಲ್ಲಿ ಹೆಜ್ಜೆಗಳು ಸ್ಪಷ್ಟವಾಗಿ ಮೂಡುತ್ತಿದ್ದವು. ಬಲಪಾದ ನೇರ. ಎಡಪಾದ ಹೊರಕ್ಕೆ ತಿರುಗಿತ್ತು.

ಹುಸೇನ ಕಾಕಾ ಬಗ್ಗಿ ಆ ಹೆಜ್ಜೆ ನೋಡಿದರು. ಟೋಪಿ ಸರಿಮಾಡಿಕೊಂಡರು. ನನ್ನ ಕಡೆ ತಿರುಗಿ ತೀರಾ ಮೆಲ್ಲಗೆ ಹೇಳಿದರು, "ಇದು ಫಕೀರವ್ವನ ಹೆಜ್ಜಿ, ತಂಗಿ. ನಾ ಮರೆಯಂಗಿಲ್ಲ."

ಗುಜರಿಯಾಗಿ ಬಂದ ಹಳೆಯ ಚಕ್ರಗಳು, ಅವುಗಳ ಮೇಲಿನ ನಮ್ಮ ಮುದ್ರೆ, ಅವನ್ನು ನುಂಗಿದ ಭಟ್ಟಿ ಎಲ್ಲ ನೆನಪಾದವು. ಅವ್ವನ ತಲೆಯ ಮೇಲೆ ಹೋದ ಚಕ್ರ ಅಷ್ಟು ವರ್ಷ ಅವಳ ತೂಕವನ್ನು ಹೊತ್ತು ಎಲ್ಲೋ ತಿರುಗಿ, ಮತ್ತೆ ಇಲ್ಲಿಗೇ ಬಂದು, ಕರಗಿ, ಈ ಚಕ್ರವಾಗಿತ್ತು. ನನಗೆ ಹೆದರಿಕೆಯಾಯಿತು. ಸಂತೋಷವೂ ಆಯಿತು. ಎರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಈಗ ನನ್ನ ಕ್ಯಾಬಿನ್ನಿನಲ್ಲಿ ಮುಳ್ಳಿನ ತಟ್ಟೆಗೆ ಅರಿವೆ ಹೊದಿಸಿದ್ದೇನೆ, ಭಾರ ನೋಡುವಾಗ ಮಾತ್ರ ಸರಿಸುತ್ತೇನೆ. ಪಕ್ಕದ ಶೆಡ್ಡಿಗೂ ಸನ್ನೆಯವನನ್ನು ಮತ್ತೆ ಹಾಕಿದ್ದಾರೆ. ಕೈ ಕಾಣದಿದ್ದರೆ ಯಾರೇ ಕೂಗಲಿ, ಭಾರ ಅಲುಗುವುದಿಲ್ಲ. ಮೌನೇಶನಿಗೆ ದೇಸಾಯರು ಒಂದು ಸ್ಟೂಲು ಕೊಡಿಸಿದ್ದಾರೆ, ಒಂದು ಭಾರ ಇಳಿಸಿ ಇನ್ನೊಂದನ್ನು ಎತ್ತುವ ನಡುವೆ ಅದರ ಮೇಲೆ ಕೂರುತ್ತಾನೆ. ಮೊಣಕಾಲು ನೋಯುತ್ತದೆ, ಹಾಗೆಂದು ಬಾಯಿಬಿಟ್ಟು ಹೇಳುತ್ತಾನೆ. ಸಂಜೆ ಎಣ್ಣೆ ತಿಕ್ಕುತ್ತೇನೆ.

ಆಷಾಢದ ಮೊದಲ ಗಾಳಿ ಬಂದ ಸಂಜೆ ನಾವಿಬ್ಬರೂ ಹೊಸ್ತಿಲ ಮೇಲೆ ಕೂತಿದ್ದೆವು. ಅವನು ಕಾರ್ಖಾನೆಯ ಏನೋ ಸುದ್ದಿ ಹೇಳುತ್ತಿದ್ದ. ಬೀದಿಯ ಧೂಳೆದ್ದು ಗಾಳಿ ನಮ್ಮ ಮನೆಯ ಕಡೆಗೆ ತಿರುಗಿತು. ಅವನು ಮಾತು ನಿಲ್ಲಿಸಲಿಲ್ಲ, ನೋಟವೂ ಬದಲಾಗಲಿಲ್ಲ. ಅವನ ಎಡಗೈ ಮಾತ್ರ ತಾನಾಗಿ ಲುಂಗಿಯ ಅಂಚಿಗೆ ಹೋಯಿತು. ಬೆರಳುಗಳು ಅಂಚಿನ ಹೊಲಿಗೆಯನ್ನು ಮುಟ್ಟುತ್ತ, ನಿಲ್ಲುತ್ತ, ಮತ್ತೆ ಮುಟ್ಟುತ್ತ, ಅಲ್ಲಿ ಇಲ್ಲದ ನಟ್ಟುಗಳನ್ನು ಒಂದೊಂದಾಗಿ ಹುಡುಕುತ್ತಿದ್ದವು. ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹೊಲಿಗಿ ಗಟ್ಟಿ ಐತಿ, ಯವ್ವಾ," ಎಂದೆ. "ನಾ ಹಿಡಕೊಂಡೀನಿ."

ಬೆರಳುಗಳು ಹುಡುಕುವುದನ್ನು ನಿಲ್ಲಿಸಿದವು.